ಗೇರ್ ಲಿವರ್ ಕದಲದಿದ್ದರೆ ಮೊದಲು ಬ್ರೇಕ್ ಲೈಟ್ ನೋಡಿ

ಅಕ್ಕ: ಕಾರು ಸ್ಟಾರ್ಟ್ ಆಗುತ್ತಿದೆ. ಆದರೆ ಆಟೋಮ್ಯಾಟಿಕ್ ಗೇರ್ ಲಿವರ್ ಪಿ (ಪಾರ್ಕಿಂಗ್) ಬಿಟ್ಟು ಕದಲುತ್ತಿಲ್ಲ. ಬ್ರೇಕ್ ಒತ್ತಿಕೊಂಡೇ ಎಳೆಯುತ್ತಿದ್ದೇನೆ. ಏನು ಮಾಡಲಿ?

ಚಿಕ್ಕಪ್ಪ: (ಫಾರ್ವರ್ಡ್ ಆದ ವಿಡಿಯೋ) ಆಟೋಮ್ಯಾಟಿಕ್ ಗೇರ್ ಸಿಕ್ಕಿಕೊಂಡಿದೆಯಾ? 10 ಸೆಕೆಂಡಿನಲ್ಲಿ ಬಿಡಿಸಿ!

ಚಿಕ್ಕಪ್ಪ: ಇದರಲ್ಲಿರುವ ಹಾಗೆ ಮಾಡಮ್ಮ. ಲಿವರ್ ಪಕ್ಕ ಸಣ್ಣ ಮುಚ್ಚಳ ಇರುತ್ತದೆ. ಅದನ್ನು ಎಬ್ಬಿಸಿ ಒಳಗೆ ಸ್ಕ್ರೂಡ್ರೈವರ್ ಒತ್ತಿದರೆ ಲಿವರ್ ಬಿಟ್ಟುಕೊಳ್ಳುತ್ತದೆ. ಹೊರಡು.

ಭಾವ: ಗೇರ್‌ಬಾಕ್ಸೇ ಹೋಗಿರಬೇಕು. ಟೋ ಮಾಡಿಸೋಣ.

ನಾನು: ಅಕ್ಕ, ಸ್ವಲ್ಪ ತಡಿ. ಬ್ರೇಕ್ ಒತ್ತಿದಾಗ ಹಿಂದಿನ ಲೈಟ್ ಹತ್ತುತ್ತದಾ? ಅತ್ತೆ ನೋಡಲಿ. ಪಕ್ಕಕ್ಕೆ ನಿಂತು ನೋಡಲಿ, ಕಾರಿನ ನೇರ ಹಿಂದೆ ಬೇಡ.

ಚಿಕ್ಕಪ್ಪ: ಲೈಟಿಗೂ ಗೇರಿಗೂ ಏನು ಸಂಬಂಧ? ವಿಡಿಯೋ ನೋಡಿದೆಯಾ ಇಲ್ವಾ?

ನಾನು: ಪೂರ್ತಿ ನೋಡಿದೆ ಚಿಕ್ಕಪ್ಪ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದಾರೆ. ಪಿ-ಯಲ್ಲಿ ಲಿವರ್‌ಗೆ ಒಂದು ಲಾಕ್ ಇರುತ್ತದೆ. ಬ್ರೇಕ್ ಒತ್ತಿದ ಕೂಡಲೇ ಪೆಡಲ್ ಮೇಲ್ಭಾಗದ ಸ್ವಿಚ್ ಕೆಲಸ ಮಾಡಿ, ಲಿವರ್ ಕೆಳಗಿನ ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ ಸಣ್ಣ ಅಯಸ್ಕಾಂತ) ಟಿಕ್ ಅಂತ ಆ ಲಾಕ್ ಬಿಡುತ್ತದೆ. ತುಂಬಾ ಕಾರುಗಳಲ್ಲಿ ಬ್ರೇಕ್ ಲೈಟ್ ಹತ್ತಿಸುವುದೂ ಅದೇ ಸ್ವಿಚ್. ಅದು ಕೆಟ್ಟರೆ ಎರಡೂ ನಿಲ್ಲುತ್ತವೆ. ಆಗ ಮುಚ್ಚಳ ತೆಗೆದು ಲಾಕ್ ಬಿಡಿಸಿಕೊಂಡು ರಸ್ತೆಗೆ ಇಳಿದರೆ, ಅಕ್ಕ ಬ್ರೇಕ್ ಹಾಕಿದ್ದು ಹಿಂದೆ ಬರುವವರಿಗೆ ಗೊತ್ತೇ ಆಗುವುದಿಲ್ಲ. ನನಗೆ ಹೆದರಿಕೆ ಇರುವುದು ಅದಕ್ಕೇ.

ಚಿಕ್ಕಪ್ಪ: ನನ್ನ ಕಾರಿನಲ್ಲೂ ಹೀಗೇ ಆಗಿತ್ತು. ಲೈಟ್ ಸರಿಯಾಗಿಯೇ ಇತ್ತು. ಜೋರಾಗಿ ಎಳೆದೆ, ಢಬ್ ಅಂತ ಬಂತು.

ನಾನು: ಇಳಿಜಾರಿನಲ್ಲಿ ನಿಲ್ಲಿಸಿದ್ರಾ?

ಚಿಕ್ಕಪ್ಪ: ಹೌದು.

ನಾನು: ಹಾಗಾದರೆ ಅದು ಬೇರೆ. ಪಿ-ಗೆ ಹಾಕಿದಾಗ ಗೇರ್‌ಬಾಕ್ಸ್ ಒಳಗೆ ಒಂದು ಕೊಕ್ಕೆ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಹಾಕದೆ ಕಾಲು ತೆಗೆದರೆ ಇಡೀ ಕಾರಿನ ಭಾರ ಆ ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ. ಢಬ್ ಅಂದದ್ದು ಅದೇ. ದಯವಿಟ್ಟು ಇನ್ನು ಮೇಲೆ ಕಾಲು ಬ್ರೇಕ್ ಮೇಲೆ ಇಟ್ಟುಕೊಂಡೇ ಹ್ಯಾಂಡ್‌ಬ್ರೇಕ್ ಎಳೆಯಿರಿ, ಆಮೇಲೆ ಕಾಲು ತೆಗೆಯಿರಿ.

ಅಕ್ಕ: ಇಲ್ಲಿ ಸಮತಟ್ಟು ಜಾಗ. ಎಡ, ಬಲ, ಮೇಲೆ ಮೂರೂ ಕಡೆ ಲೈಟ್ ಇಲ್ಲ ಅಂದರು ಅತ್ತೆ. ಟಿಕ್ ಅಂತಲೂ ಕೇಳಿಸುತ್ತಿಲ್ಲ.

ನಾನು: ಮೂರು ಬಲ್ಬ್ ಒಟ್ಟಿಗೆ ಹೋಗುವುದು ಅಪರೂಪ. ಫ್ಯೂಸ್ ಅಥವಾ ಸ್ವಿಚ್ ಇರಬೇಕು. ಕಾರು ಆಫ್ ಮಾಡಿ ಬ್ರೇಕ್ ಲೈಟ್ ಫ್ಯೂಸ್ ತೆಗೆದು ನೋಡು. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದು ಹಾಕು. ಜಾಸ್ತಿದು ಬೇಡ, ವೈರ್ ಸುಡುತ್ತದೆ.

ಭಾವ: ಗೇರ್‌ಬಾಕ್ಸ್ ಅಲ್ಲ ಅಂತ ಹೇಗೆ ಹೇಳ್ತೀಯ?

ನಾನು: ಭಾವ, ಗೇರ್‌ಬಾಕ್ಸ್ ಕೆಟ್ಟಾಗ ಸಾಮಾನ್ಯವಾಗಿ ಲಿವರ್ ಕದಲುತ್ತದೆ, ಕಾರು ಎಳೆಯುವುದಿಲ್ಲ, ಇಲ್ಲವೇ ತಡವಾಗಿ ಎಳೆಯುತ್ತದೆ. ಲಿವರ್ ಸಡಿಲವಾಗಿ ಓಡಾಡಿ ಗೇರ್ ಮಾತ್ರ ಬದಲಾಗದಿದ್ದರೆ ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಕೇಬಲ್ ತುದಿಯ ಬುಷ್ (ಸಣ್ಣ ಬಳೆಯಂಥ ಭಾಗ) ನೋಡಬೇಕು. ಇಲ್ಲಿ ಎರಡೂ ಇಲ್ಲ ಅಲ್ವಾ?

ಅಕ್ಕ: ಫ್ಯೂಸ್ ಚೆನ್ನಾಗಿದೆ. ಕಾರು ಮತ್ತೆ ಆನ್ ಮಾಡಿ ಪೆಡಲ್ ಮೇಲಿನ ಸ್ವಿಚ್ ಕೈಯಿಂದ ಅಲ್ಲಾಡಿಸಿದೆ. ಒಂದು ಕ್ಷಣ ಟಿಕ್ ಅಂತು. ಲೈಟೂ ಹತ್ತಿ ಆರಿತು ಅಂದರು ಅತ್ತೆ!

ನಾನು: ಹಾಗಾದರೆ ಸ್ವಿಚ್, ಇಲ್ಲವೇ ಅದರ ಕನೆಕ್ಟರ್. ಈಗ ಬಿಟ್ಟುಕೊಂಡಿತು ಅಂತ ಹೊರಡಬೇಡ ಅಕ್ಕ.

ಚಿಕ್ಕಪ್ಪ: ಆದರೂ ರಸ್ತೆ ಮಧ್ಯೆ ಕಾರು ನಿಂತರೆ ಆ ಮುಚ್ಚಳವೇ ದಿಕ್ಕು. ಅದನ್ನು ಬೇಡ ಅನ್ನಬೇಡ.

ನಾನು: ಪಕ್ಕಕ್ಕೆ ಸರಿಸೋಕೆ ಖಂಡಿತ ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಸ್ಕ್ರೂಡ್ರೈವರ್ ಒತ್ತಬೇಕು. ಇಲ್ಲದಿದ್ದರೆ ಕಾರು ಉರುಳುತ್ತದೆ. ವಿಡಿಯೋದಲ್ಲಿ ಈ ಮಾತೇ ಇಲ್ಲ. ಬೇರೆ ಗುಂಪಿಗೆ ಕಳಿಸುವುದಾದರೆ ಇದನ್ನೂ ಸೇರಿಸಿ ಕಳಿಸಿ ಚಿಕ್ಕಪ್ಪ.

ಚಿಕ್ಕಪ್ಪ: ಆಗಲೇ ಎರಡು ಗುಂಪಿಗೆ ಕಳಿಸಿದ್ದೆ. ಈಗಲೇ ಬರೆಯುತ್ತೇನೆ.

ಅಕ್ಕ: ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಹೊಸ ಸ್ವಿಚ್ ಹಾಕಿ, ಅತ್ತೆ ಮೂರೂ ಲೈಟ್ ನೋಡಿದ ಮೇಲೇ ಕಾರು ತೆಗೆಯುತ್ತೇನೆ.