ಲೇಸರ್‌ನಿಂದ ರೋಮ ಶಾಶ್ವತವಾಗಿ ಹೋಗುತ್ತದೆಯೇ? ಚರ್ಮವೈದ್ಯರೊಂದಿಗೆ ಗುಂಪಿನ ಸದಸ್ಯರ ಪ್ರಶ್ನೋತ್ತರ

ಕುಂಬಳೆಯ ಸದಸ್ಯೆ: ಡಾಕ್ಟರೇ, ನಮಸ್ಕಾರ. ಮಂಗಳೂರಿಗೆ ಹೋಗಿ ಲೇಸರ್ ಮಾಡಿಸಿದರೆ ಗದ್ದದ ರೋಮ ಒಂದೇ ಸಲಕ್ಕೆ ಶಾಶ್ವತವಾಗಿ ಹೋಗುತ್ತದೆ ಎನ್ನುತ್ತಾರೆ. ಇದು ನಿಜವೇ?

ಡಾಕ್ಟರ್: ನಮಸ್ಕಾರ. ಒಂದೇ ಸಲಕ್ಕೆ ಹೋಗುವುದಿಲ್ಲ. ಲೇಸರ್ ಬೆಳಕನ್ನು ರೋಮದ ಕಪ್ಪು ಬಣ್ಣ ಹೀರಿಕೊಂಡು ಬೇರು ಸುಡುತ್ತದೆ. ಆ ಹೊತ್ತಿಗೆ ಬೆಳೆಯುತ್ತಿರುವ ರೋಮಗಳಿಗಷ್ಟೇ ಅದು ಸರಿಯಾಗಿ ತಾಗುವುದರಿಂದ, ಮುಖಕ್ಕೆ 4ರಿಂದ 6 ವಾರಗಳಿಗೊಮ್ಮೆಯಂತೆ 6ರಿಂದ 8 ಸಲವಾದರೂ ಬೇಕಾಗುತ್ತದೆ. ಆಮೇಲೂ ಕೆಲವು ರೋಮಗಳು ಮರಳಬಹುದು. ನಮ್ಮವರ ಕಂದು ಮೈಬಣ್ಣಕ್ಕೆ 1064 ನ್ಯಾನೊಮೀಟರ್ ತರಂಗಾಂತರದ ಬೆಳಕು ಬಿಡುವ ಎನ್‌ಡಿ ಯಾಗ್ ಎಂಬ ಲೇಸರ್ ಹೆಚ್ಚು ಸುರಕ್ಷಿತ. ಯಂತ್ರ ಯಾವುದೆಂದು ಕೇಳಿಯೇ ಒಪ್ಪಿಕೊಳ್ಳಿ.

ಪೆರ್ಲದ ಸದಸ್ಯೆ: ಬಪ್ಪಂಗಾಯಿಯ (ಪಪ್ಪಾಯಿಯ) ಹಾಲಿಗೆ ಅರಶಿನ ಬೆರೆಸಿ ಏಳು ದಿನ ಹಚ್ಚಿದರೆ ಬೇರುಸಹಿತ ಹೋಗುತ್ತದೆಂದು ನಮ್ಮ ಕುಟುಂಬದ ವಾಟ್ಸಾಪಿನಲ್ಲಿ ಬಂದಿದೆ.

ಡಾಕ್ಟರ್: ದಯವಿಟ್ಟು ಹಚ್ಚಬೇಡಿ. ಆ ಹಾಲು ಚರ್ಮವನ್ನು ಸುಡುತ್ತದೆಯೇ ಹೊರತು ಬೇರನ್ನು ನಾಶಮಾಡುವುದಿಲ್ಲ. ಸುಟ್ಟ ಕಲೆ ತಿಂಗಳುಗಟ್ಟಲೆ ಉಳಿದರೆ ಲೇಸರನ್ನೂ ಮುಂದೂಡಬೇಕಾಗುತ್ತದೆ.

ಮಂಜೇಶ್ವರದ ಸದಸ್ಯ: ಕಿವಿಯ ಬಿಳಿ ರೋಮಕ್ಕೆ?

ಡಾಕ್ಟರ್: ಲೇಸರ್ ಪ್ರಯೋಜನವಿಲ್ಲ. ಒಂದೊಂದೇ ಬೇರಿಗೆ ಸೂಜಿಯಿಂದ ವಿದ್ಯುತ್ ಹಾಯಿಸುವ ಎಲೆಕ್ಟ್ರಾಲಿಸಿಸ್ ಆಗಬಹುದು.

ಬದಿಯಡ್ಕದ ಸದಸ್ಯೆ: ನನ್ನ ಮಗಳಿಗೆ 19 ವರ್ಷ. ಆರು ತಿಂಗಳಿಂದೀಚೆಗೆ ಗದ್ದ, ಎದೆಗಳಲ್ಲಿ ದಪ್ಪ ರೋಮ ಬಂದಿದೆ, ಸ್ವರವೂ ಒಡೆದಂತಿದೆ. ಪಾರ್ಲರಿನಲ್ಲಿ ಎಂಟು ಸಲದ ಪ್ಯಾಕೇಜಿಗೆ ಮುಂಗಡ ಕೊಟ್ಟಿದ್ದೇವೆ. ನೆರೆಮನೆಯವರು ಆಡಿಕೊಳ್ಳುತ್ತಾರೆಂದು ಅವಳು ಹೊರಗೇ ಬರುತ್ತಿಲ್ಲ.

ಡಾಕ್ಟರ್: ಅಮ್ಮಾ, ಲೇಸರನ್ನು ಸದ್ಯಕ್ಕೆ ನಿಲ್ಲಿಸಿ. ಪಿ.ಸಿ.ಒ.ಎಸ್. (ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ತಪ್ಪುವ, ರೋಮ ಹೆಚ್ಚುವ ತೊಂದರೆ) ಇರುವವರಲ್ಲಿ ರೋಮ ಸಾಮಾನ್ಯವಾಗಿ ಮೈನೆರೆದಂದಿನಿಂದ ನಿಧಾನವಾಗಿ ಹೆಚ್ಚುತ್ತಾ ಬರುತ್ತದೆ. ಆರೇ ತಿಂಗಳಲ್ಲಿ ಹೀಗೆ ಬಂದು, ಜೊತೆಗೆ ಸ್ವರವೂ ದಪ್ಪವಾಗಿದೆಯೆಂದರೆ ಅಂಡಾಶಯದಲ್ಲೋ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೋ ಗಡ್ಡೆ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಟೆಸ್ಟೊಸ್ಟಿರೋನ್, ಡಿ.ಎಚ್.ಇ.ಎ. ಸಲ್ಫೇಟ್ ಎಂಬ ಗಂಡು ಹಾರ್ಮೋನುಗಳ ರಕ್ತಪರೀಕ್ಷೆಗಳನ್ನೂ ಹೊಟ್ಟೆಯ ಸ್ಕ್ಯಾನನ್ನೂ ಮಾಡಿಸಿ, ಹಾರ್ಮೋನು ತಜ್ಞರಿಗೆ ತೋರಿಸಿ. ಕಾರಣವನ್ನು ಹಾಗೆಯೇ ಬಿಟ್ಟು ಮೇಲಿನಿಂದ ರೋಮ ಸುಟ್ಟರೆ ಹೊಸದು ಬರುತ್ತಲೇ ಇರುತ್ತದೆ, ರೋಗವೂ ಮರೆಯಲ್ಲೇ ಬೆಳೆಯುತ್ತದೆ. ಮುಟ್ಟು ಸರಿಯಾಗಿ ಆಗುತ್ತಿದೆಯೇ? ಯಾವುದಾದರೂ ಮಾತ್ರೆ ಸೇವಿಸುತ್ತಿದ್ದಾಳೆಯೇ? ಅವಳನ್ನೇ ಕೇಳಿ ತಿಳಿಸಿ.

ನೀರ್ಚಾಲಿನ ಸದಸ್ಯೆ: ಮದುವೆಯ ಮಾತು ಬರುವ ಮೊದಲೇ ಎಲ್ಲವನ್ನೂ ಮುಗಿಸಿಕೊಳ್ಳುವುದು ಒಳ್ಳೆಯದು.

ಉಪ್ಪಳದ ಸದಸ್ಯೆ: ಹುಡುಗಿಯ ಆರೋಗ್ಯದ ಮಾತಿನ ನಡುವೆ ಮದುವೆಯನ್ನು ಏಕೆ ತರುತ್ತೀರಿ, ಅಕ್ಕಾ? ಇಂಥ ಮಾತಿಗೆ ಹೆದರಿಯೇ ಅವಳು ಕೋಣೆ ಸೇರಿದ್ದಾಳೆ.

ನೀರ್ಚಾಲಿನ ಸದಸ್ಯೆ: ನಾನು ಒಳ್ಳೆಯದಕ್ಕೇ ಹೇಳಿದೆ. ನಿಮ್ಮಿಂದ ಪಾಠ ಕಲಿಯಬೇಕಾಗಿಲ್ಲ.

ಮುಳ್ಳೇರಿಯದ ಸದಸ್ಯೆ: ಹಾಲೂಡಿಸುವವರು ಮಾಡಿಸಬಹುದೇ? ಎಷ್ಟು ಖರ್ಚಾಗುತ್ತದೆ?

ಪೆರ್ಲದ ಸದಸ್ಯೆ: ಹಾಗಾದರೆ ಇರುವೆ ಮೊಟ್ಟೆಯ ಎಣ್ಣೆ ಆಗಬಹುದೇ? ಈಗಷ್ಟೇ ಬಂತು, ಎಲ್ಲರಿಗೂ ಕಳುಹಿಸುತ್ತಿದ್ದೇನೆ.

ಡಾಕ್ಟರ್: ಕಳುಹಿಸಬೇಡಿ ಎಂದು ಎಷ್ಟು ಸಲ ಹೇಳಬೇಕು? ನೀವು ಕಳುಹಿಸಿದ್ದನ್ನು ಹಚ್ಚಿಕೊಂಡು ಮುಖ ಸುಟ್ಟುಕೊಂಡವರಿಗೆ ಔಷಧಿ ಬರೆಯುವವರು ನಾವು.

ಪೆರ್ಲದ ಸದಸ್ಯೆ: ಅಜ್ಜಿಯಂದಿರಿಗಿಂತ ನೀವೇ ಬಲ್ಲವರು ಬಿಡಿ.

ಕುಂಬಳೆಯ ಇನ್ನೊಬ್ಬ ಸದಸ್ಯೆ: ಡಾಕ್ಟರೇ, ಒಮ್ಮೆ ಮಾಡಿಸಿದರೆ ಶಾಶ್ವತವಾಗಿ ಹೋಗುತ್ತದೆಯೇ?

ಡಾಕ್ಟರ್: ಮೊದಲ ಉತ್ತರ ಓದಿ.

ಬದಿಯಡ್ಕದ ಸದಸ್ಯೆ: ಕೇಳಿದೆ ಡಾಕ್ಟರೇ. ಮಾತ್ರೆ ಯಾವುದೂ ಇಲ್ಲ. ಮುಟ್ಟು ನಿಂತು ಐದು ತಿಂಗಳಾಯಿತಂತೆ, ನನ್ನಲ್ಲಿ ಹೇಳಿರಲಿಲ್ಲ.

ಡಾಕ್ಟರ್: ಮುಂಗಡ ಹೋದರೆ ಹೋಗಲಿ. ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೊರಡಿ. ರಿಪೋರ್ಟು ಬಂದೊಡನೆ, ಇಲ್ಲಿ ಹಾಕದೆ, ನನಗೊಬ್ಬನಿಗೇ ಕಳುಹಿಸಿ.