ಸಿ-ಜಿ-ಎ ಮೈನರ್-ಎಫ್ ಬಿಟ್ಟು ಬೇರೆ ಕಾರ್ಡ್ಸ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಹುಡುಕೋಕೆ ಯಾವ ಸಾಫ್ಟ್‌ವೇರ್? ಬಳಸಿರೋರು ಹೇಳಿ

ಎಲ್ಲರಿಗೂ ನಮಸ್ಕಾರ. ಕನ್ನಡದಲ್ಲಿ ಸ್ವಂತ ಹಾಡು ಬರೀತೀನಿ, ಗಿಟಾರ್ ಇದೆ, ಲ್ಯಾಪ್‌ಟಾಪಲ್ಲಿ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಇದೆ. ಏನೇ ಬರೆದ್ರೂ ಕೈ ಸೀದಾ ಸಿ, ಜಿ, ಎ ಮೈನರ್, ಎಫ್‌ಗೇ ಹೋಗುತ್ತೆ, ಸಾಹಿತ್ಯ ಬೇರೆ ಇದ್ರೂ ಫ್ರೆಂಡ್ಸ್ ಕೇಳಿ "ಇದು ಹೋದ್ಸಲದ್ದೇ ಅಲ್ವೇನೋ" ಅಂತಾರೆ. ಕಾರ್ಡ್ ಜನರೇಟರ್, ಪ್ಲಗಿನ್ (ರೀಪರ್ ಥರದ್ದರೊಳಗೆ ಸೇರಿಸ್ಕೊಳ್ಳೋ ಚಿಕ್ಕ ಸಾಫ್ಟ್‌ವೇರ್) ಅಂತ ಬೇಕಾದಷ್ಟಿವೆ, ಯಾರಾದ್ರೂ ನಿಜವಾಗ್ಲೂ ಹಾಡು ಮಾಡೋಕೆ ಬಳಸಿದೀರಾ? ಥಿಯರಿ ಅಷ್ಟಕ್ಕಷ್ಟೇ, ಚಿಕ್ಕವನಿದ್ದಾಗ ಸ್ವಲ್ಪ ಕರ್ನಾಟಕ ಸಂಗೀತ ಕಲಿತಿದ್ದೆ.

ಕೀಬೋರ್ಡ್_ಮೈಸೂರು:
ಬಟನ್ ಒತ್ತಿದ್ರೆ ನಾಲ್ಕು ಕಾರ್ಡ್ ಉದುರಿಸೋ ಜನರೇಟರ್‌ಗಳನ್ನ ಬದಿಗಿಡಿ ಗುರು. ಬಹುಪಾಲು ಒಂದೇ ಸ್ಕೇಲಿನ (ಅಂದ್ರೆ ಒಂದೇ ಸ್ವರಸಾಲಿನ) ಏಳು ಕಾರ್ಡನ್ನ ಹಿಂದೆ ಮುಂದೆ ಮಾಡಿ ಕೊಡ್ತವೆ, ಆ ಕೆಲಸ ನಿಮ್ಮ ಕೈಯೇ ಮಾಡ್ತಿದೆಯಲ್ಲ. ನಂಗೆ ಉಪಯೋಗಕ್ಕೆ ಬಂದಿದ್ದು ಹುಕ್‌ಥಿಯರಿ ವೆಬ್‌ಸೈಟಿನ ಟ್ರೆಂಡ್ಸ್. ಸಾವಿರಾರು ಹಾಡುಗಳ ಕಾರ್ಡ್ಸ್ ಬಿಡಿಸಿಟ್ಟಿದಾರೆ, ನೀವು ಒಂದು ಕಾರ್ಡ್ ಆರಿಸಿದ್ರೆ ಅದರ ಮುಂದೆ ಯಾವುದು ಎಷ್ಟು ಪರ್ಸೆಂಟ್ ಬಂದಿದೆ ಅಂತ ತೋರಿಸುತ್ತೆ, ಆ ಹಾಡುಗಳ ಪಟ್ಟಿನೂ ಕೊಡುತ್ತೆ. ಎಲ್ಲರೂ ದೊಡ್ಡ ನಂಬರನ್ನೇ ಒತ್ತುತಾರೆ, ಅಲ್ಲಿಗೆ ಮತ್ತೆ ಅದೇ ಹಾಡು. ನೀವು ಸಣ್ಣ ಪರ್ಸೆಂಟ್ ಇರೋದನ್ನ ಹುಡುಕಿ, ಯಾರೋ ಒಬ್ರು ಮಾಡಿ ತೋರಿಸಿದಾರೆ ಅಂದ್ಮೇಲೆ ಕೇಳೋಕೆ ಆಗುತ್ತೆ ಅಂತಾಯ್ತು, ಆದ್ರೆ ಇನ್ನೂ ಸವೆದು ಹೋಗಿಲ್ಲ. ಅಲ್ಲಿರೋದು ಹೆಚ್ಚಾಗಿ ಇಂಗ್ಲಿಷ್ ಪಾಪ್, ರಾಕ್, ಹಾಗಾಗಿ ನಮ್ಮ ಭಾವಗೀತೆ ಥರದ್ದಕ್ಕೆ ಆ ಪರ್ಸೆಂಟನ್ನ ಜಾಸ್ತಿ ತಲೆಗೆ ಹಚ್ಕೋಬೇಡಿ.

ಮುಖ್ಯ ವಿಷ್ಯ, ನಾಲ್ಕನ್ನೂ ಬದಲಾಯಿಸೋಕೆ ಹೋಗ್ಬೇಡಿ, ಒಂದೇ ಒಂದು ತೆಗೀರಿ. ನಿಮ್ಮ ಸಿ, ಜಿ, ಎ ಮೈನರ್, ಎಫ್‌ನಲ್ಲೇ ಜಿ ತೆಗೆದು ಇ ಸೆವೆನ್ತ್ ಹಾಕಿ. ಸಿ ಅನ್ನೋದನ್ನ ಸಾ ಅಂತ ಇಟ್ಕೊಂಡ್ರೆ ಸಿ ಕಾರ್ಡ್ ಒಳಗೆ ಪಂಚಮ ಇತ್ತಲ್ಲ, ಅದು ಇ ಸೆವೆನ್ತ್‌ನಲ್ಲಿ ಶುದ್ಧ ಧೈವತ ಆಗಿ, ಎ ಮೈನರ್‌ಗೆ ಬಂದಾಗ ಚತುಶ್ರುತಿ ಧೈವತ ಆಗುತ್ತೆ, ಅರ್ಧರ್ಧ ಸ್ವರ ಮೇಲೆ ಹತ್ತುತ್ತೆ, ಕಿವಿ ಹಿಡ್ಕೊಳ್ಳೋದು ಆ ಹತ್ತೋದನ್ನೇ. ಇನ್ನೊಂದು, ಕೊನೆಯ ಎಫ್ ಎರಡನೇ ಸಲ ಬಂದಾಗ ಎಫ್ ಮೈನರ್ ಮಾಡಿ ಸಿಗೆ ವಾಪಸ್ ಬನ್ನಿ. ಆ ಜಾಗದಲ್ಲಿ ನಿಮ್ಮ ಧಾಟಿ ಚತುಶ್ರುತಿ ಧೈವತದ ಮೇಲೆ ನಿಂತಿದ್ರೆ ಮಾತ್ರ ಕಿತ್ತಾಡುತ್ತೆ, ಆಗ ಒಂದೋ ಧಾಟಿ ಬದಲಿಸಿ ಇಲ್ಲ ಕಾರ್ಡ್ ಬಿಡಿ.

ಪೇಟಿ_ಧಾರವಾಡ:
ಸಂಗೀತ ಕಲ್ತೀನಿ ಅಂತೀರಿ, ಅಂದಮ್ಯಾಲ ಕಾರ್ಡ್‌ನಿಂದ ಯಾಕ ಶುರು ಮಾಡ್ತೀರಿ? ಮೊದ್ಲ ಧಾಟಿ ಮಾಡ್ರಿ, ಕಾರ್ಡ್ ಆಮ್ಯಾಲ. ನಾ ಸ್ಕೇಲರ್ ಅನ್ನೂ ಪ್ಲಗಿನ್ ಬಳಸ್ತೀನಿ, ನುಡಿಸಿದ್ದು ಅದರಾಗ ಹಾಕಿದ್ರ ಯಾವ ಸ್ಕೇಲ್ ಇರಬೇಕಂತ ಹುಡುಕಿ ಅದರ ಕಾರ್ಡ್ ಎಲ್ಲಾ ಮುಂದ ಇಡತೈತಿ, ಬೇಕಾದ್ದು ಎಳದು ಟ್ರ್ಯಾಕ್ ಮ್ಯಾಲೆ ಬಿಡೂದು. ಭೈರವ ರಾಗ ತಗೋರಿ, ನಿಮ್ಮ ಕರ್ನಾಟಕ ಸಂಗೀತದ ಲೆಕ್ಕದಾಗ ಮಾಯಾಮಾಳವಗೌಳ, ಸರಳೆ ವರಸೆ ಕಲ್ತಿದ್ದು ಅದರಾಗನ ಅಲ್ಲೇನು. ಸಾಫ್ಟ್‌ವೇರ್‌ನ್ಯಾಗ ಅದರ ಹೆಸರು ಡಬಲ್ ಹಾರ್ಮೋನಿಕ್. ಸಿ ಅನ್ನೂದು ಸಾ ಅಂತ ಇಟ್ಕೊಂಡ್ರ ಸಿ ಮೇಜರ್, ಡಿ ಫ್ಲಾಟ್ ಮೇಜರ್, ಇ ಮೈನರ್, ಎಫ್ ಮೈನರ್ ನಾಲ್ಕೂ ಚೊಲೊ ಕೂಡತಾವ. ಜಿ ಮ್ಯಾಲಿಂದು ಮಾತ್ರ ಸೊಟ್ಟ. ಅದಕ್ಕ ಡಿ ಬೇಕು, ಇಲ್ಲಿ ಇರೂದು ಕೋಮಲ ರಿ, ಅಂದ್ರ ಡಿ ಫ್ಲಾಟ್. ಸಾಫ್ಟ್‌ವೇರ್ ಅದನ್ನೂ ಪಟ್ಟಿಯೊಳಗ ತೋರಿಸತೈತಿ, ತೋರಿಸ್ತಂತ ಹಾಕಬ್ಯಾಡ್ರಿ. ಸಾ ಮ್ಯಾಲೆ ಇಳಿಯೂ ಮುಂದ ಜಿ ಬದಲಿ ಡಿ ಫ್ಲಾಟ್‌ನಿಂದ ಸಿಗೆ ಬರ್ರಿ, ರಾಗದ ಚೆಹರೆ ಉಳೀತೈತಿ. ಮತ್ತ ಭೈರವದಾಗ ರಿಷಭಕ್ಕ ಆಂದೋಲನ (ಸ್ವರ ಮೆಲ್ಲಗ ತೂಗೂದು) ಇರತೈತಿ ನೋಡ್ರಿ, ಅದರ ಕೆಳಗ ಪಿಯಾನೋ ಕಾರ್ಡ್ ಒತ್ತಿ ಹಿಡದ್ರ ದನಿ ಒಂದ್ ಕಡೆ ಪಿಯಾನೋ ಒಂದ್ ಕಡೆ ಆಗತೈತಿ. ಅಲ್ಲೆ ಬರೇ ಸಾ-ಪಾ ಇಟ್ಟು ಸುಮ್ಮನಿರ್ರಿ.

ಆರು_ತಂತಿ:
ಪ್ಲಗಿನ್ ದುಡ್ಡಲ್ಲಿ ಹೊಸ ಸ್ಟ್ರಿಂಗ್ಸ್ ತಗೊಳ್ಳಿ ಸಾರ್. ಅವೇ ನಾಲ್ಕು ಕಾರ್ಡ್, ಬೇಸ್ (ಎಲ್ಲಕ್ಕಿಂತ ಕೆಳಗಿನ ಸ್ವರ) ಮಾತ್ರ ಬದಲಾಯಿಸಿ: ಸಿ, ಜಿ ಕೆಳಗೆ ಬಿ, ಎ ಮೈನರ್, ಅದೇ ಎ ಮೈನರ್ ಕೆಳಗೆ ಜಿ, ಆಮೇಲೆ ಎಫ್. ಬೇಸ್ ಮೆಟ್ಟಿಲಿಳಿದಂಗೆ ಸಿ ಬಿ ಎ ಜಿ ಎಫ್ ಅಂತ ಇಳಿಯುತ್ತೆ. ಇನ್ನೊಂದು, ನಾಲ್ಕು ಮಾತ್ರೆಗೊಂದು ಕಾರ್ಡ್ ಬದಲಾಗ್ಲೇಬೇಕು ಅಂತ ಯಾವ ಶಾಸ್ತ್ರದಲ್ಲಿದೆ? ಆದಿತಾಳದ ಎಂಟನ್ನ ಮೂರು-ಮೂರು-ಎರಡು ಮಾಡಿ ಕಾರ್ಡ್ ಬದಲಾಯಿಸಿ ನೋಡಿ, ಫ್ರೆಂಡ್ಸ್ ಬಾಯಿ ಮುಚ್ತಾರೆ.

ಹಳೇ_ರೆಕಾರ್ಡಿಸ್ಟ್:
ಆರು ತಂತಿ ಅವ್ರು ಹೇಳಿದ್ದು ಸರೀನೇ, ಆದ್ರೆ ಕೈಗೆ ಅಭ್ಯಾಸ ಅಂಟಿರೋರಿಗೇ ಸಾಫ್ಟ್‌ವೇರ್ ಬೇಕಾಗೋದು, ಯಾಕಂದ್ರೆ ಮೌಸ್‌ಗೆ ಬೆರಳಿನ ಅಭ್ಯಾಸ ಇರಲ್ಲ. ಕ್ಯೂಬೇಸ್ ಪ್ರೊ (ಇದೂ ರೆಕಾರ್ಡಿಂಗ್ ಸಾಫ್ಟ್‌ವೇರೇ) ಇರೋರಿಗೆ ಕಾರ್ಡ್ ಅಸಿಸ್ಟೆಂಟ್ ಒಳಗೇ ಇದೆ, ಎರಡು ಕಾರ್ಡ್ ಇಟ್ಟು ಮಧ್ಯ ಖಾಲಿ ಬಿಟ್ರೆ ಅಲ್ಲಿಗೆ ಏನೇನು ಹಾಕಬಹುದು ಅಂತ ಪಟ್ಟಿ ಕೊಡುತ್ತೆ. ಬ್ಯಾಂಡ್ ಇನ್ ಎ ಬಾಕ್ಸ್ 1990ರಿಂದಲೂ ಇದೆ, ಕಾರ್ಡ್ ಹೆಸರು ಟೈಪ್ ಮಾಡಿದ್ರೆ ಡ್ರಮ್ಸ್, ಬೇಸ್ ಸಮೇತ ನುಡಿಸುತ್ತೆ. ಕಾರ್ಡ್ ಹುಡುಕೋಕಿಂತ ಹುಡುಕಿದ್ದನ್ನ ಹಾಡಿ ನೋಡೋಕೆ ಅದು ಒಳ್ಳೇದು. ಬರೀ ಪಿಯಾನೋ ಕ್ಲಿಕ್ ಮಾಡಿ ಕೇಳಿ "ಆಹಾ" ಅಂದಿದ್ದು ಹಾಡೋಕೆ ಹೊರಟಾಗ ಎಷ್ಟೋ ಸಲ ನಿಲ್ಲಲ್ಲ.

ಪ್ರಶ್ನೆ ಕೇಳಿದವನು:
ಇ ಸೆವೆನ್ತ್ ಹಾಕ್ನೋಡ್ದೆ, ಅದೇ ಪಲ್ಲವಿ ಬೇರೆ ಯಾರೋ ಬರೆದಂಗಿದೆ! ಭೈರವದ್ದು ಇನ್ನೂ ಧೈರ್ಯ ಬಂದಿಲ್ಲ, ಪೇಟಿ ಸರ್ ಕ್ಷಮಿಸಿ. ಆದ್ರೆ ಚರಣಕ್ಕೆ ಬಂದ ತಕ್ಷಣ ಮತ್ತೆ ಹಳೇದಕ್ಕೇ ಬೀಳ್ತಿದೀನಿ, ಅದಕ್ಕೇನಾದ್ರೂ ದಾರಿ ಇದೆಯಾ?

ಕೀಬೋರ್ಡ್_ಮೈಸೂರು:
ಪಲ್ಲವಿ ಶಂಕರಾಭರಣದಲ್ಲೇ (ಅಂದ್ರೆ ಮೇಜರ್ ಸ್ಕೇಲಲ್ಲೇ) ಇರ್ಲಿ, ಚರಣ ಚಾರುಕೇಶಿ ರಾಗಕ್ಕೆ ಹಾಕಿ. ಸರಿಗಮಪ ಅವೇ, ಧ-ನಿ ಎರಡೇ ಇಳಿಯೋದು, ಶುದ್ಧ ಧೈವತ, ಕೈಶಿಕಿ ನಿಷಾದ, ಹಾಗಾಗಿ ಕೇಳೋರಿಗೆ ಹಾಡು ತುಂಡಾಯ್ತು ಅನ್ಸಲ್ಲ, ಬೆಳಕು ಕಮ್ಮಿಯಾಯ್ತು ಅನ್ಸುತ್ತೆ. ಸಾಫ್ಟ್‌ವೇರಲ್ಲಿ ಮಿಕ್ಸೊಲಿಡಿಯನ್ ಫ್ಲಾಟ್ ಸಿಕ್ಸ್ ಅಂತ ಹುಡುಕಿ. ಸಿ ಮೇಜರ್, ಎಫ್ ಮೈನರ್, ಜಿ ಮೈನರ್, ಬಿ ಫ್ಲಾಟ್ ಸಿಗುತ್ತವೆ, ಡಿ ಮತ್ತು ಇ ಮೇಲೆ ಡಿಮಿನಿಶ್ಡ್ ಅನ್ನೋ ಬಿಗಿಯಾದ ಕಾರ್ಡ್ ಬರುತ್ತೆ, ಅವನ್ನ ಸದ್ಯಕ್ಕೆ ಮುಟ್ಟಬೇಡಿ. ಪಲ್ಲವಿಗೆ ವಾಪಸ್ ಬರೋ ಕೊನೇ ಸಾಲಲ್ಲಿ ಜಿ ಮೈನರ್ ತೆಗೆದು ಜಿ ಮೇಜರ್ ಮಾಡಿದ್ರೆ ಕಾಕಲಿ ನಿಷಾದ (ಬಿ) ಮತ್ತೆ ಬಂದು ಸಿಗೆ ತಾನೇ ಎಳ್ಕೊಂಡು ಹೋಗುತ್ತೆ. ಹಾಡೋಕೆ ಎತ್ತರ ಆಯ್ತು ಅಂದ್ರೆ ಶ್ರುತಿ ಯಾವ ಮನೆ ಅನ್ನೋದು ಕೊನೇಲಿ ನೋಡ್ಕೊಳ್ಳಿ, ಮಿಡೀಲಿದ್ರೆ (ದನಿ ಬದಲು ಯಾವ ಸ್ವರ ಅಂತಷ್ಟೇ ದಾಖಲಾಗಿದ್ರೆ) ಎಲ್ಲಾ ಸೆಲೆಕ್ಟ್ ಮಾಡಿ ಕೆಳಗೆ ತಳ್ಳೋದಷ್ಟೇ.