ಅಡಿಕೆ ದರದ ಆಪ್: ಅಪ್ಪ ಯಾಕೆ ಮತ್ತೆ ತೆಗೆಯಲಿಲ್ಲ?

ಪ್ರಶ್ನೆ (ಶಿರಸಿಯಿಂದ): ಅಕ್ಕಾ, ನಮಸ್ಕಾರ. ಅಡಿಕೆ ದರ ನೋಡಿ ಅಲ್ಲೇ ಮಾರಲು ಒಂದು ಆಪ್ ಮಾಡುತ್ತಿದ್ದೇನೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಹೀಗೆ ಅಡಿಕೆಯ ಬಗೆಗಳೆಲ್ಲ ಇವೆ. ದರ ಏರಿದರೆ ಹಸಿರು, ಇಳಿದರೆ ಕೆಂಪು. ಅಪ್ಪ ನೋಡಿ "ಚೆನ್ನಾಗಿದೆ" ಅಂದರು, ಆದರೆ ಮತ್ತೆ ತೆಗೆಯಲೇ ಇಲ್ಲ. ಜೊತೆಗಾರ "ಈ ದರ ಇನ್ನು 2 ಗಂಟೆ ಮಾತ್ರ" ಅಂತ ಗಡಿಯಾರ ಹಾಕೋಣ, ಫೋನಿನಲ್ಲಿರುವ ನಂಬರುಗಳಿಗೂ ಅನುಮತಿ ಕೇಳೋಣ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ತಮ್ಮಾ, ಅಪ್ಪ "ಚೆನ್ನಾಗಿದೆ" ಅಂದದ್ದು ನಿನ್ನ ಮೇಲಿನ ಪ್ರೀತಿಗೆ. ಮತ್ತೆ ತೆಗೆಯದೇ ಇದ್ದದ್ದೇ ನಿಜವಾದ ಉತ್ತರ. ಇನ್ನೊಮ್ಮೆ ಕೊಡು. ಮನೆಯೊಳಗೆ ಬೇಡ, ಅಡಿಕೆ ಒಣಗಿಸುವ ಅಂಗಳದಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ ಕೊಡು. "ಇವತ್ತು ಚಾಲಿ ಎಷ್ಟು ನೋಡಿ" ಅಂತ ಒಂದೇ ಕೆಲಸ ಹೇಳಿ ಸುಮ್ನೆ ಕೂತುಕೋ. ಬೆರಳು ಎಲ್ಲಿ ತಡವರಿಸುತ್ತದೆ ನೋಡು. ನಡುವೆ ಬಾಯಿ ಹಾಕಬೇಡ, ನನಗೆ ಇವತ್ತಿಗೂ ಕಷ್ಟವಾಗುವುದು ಇದೇ. ಆಮೇಲೆ ಅಕ್ಕಪಕ್ಕದ ನಾಲ್ಕೈದು ಮನೆಗಳಲ್ಲಿ ಹೀಗೇ ಮಾಡು, ಹೆಂಗಸರನ್ನು ಬಿಡಬೇಡ. ಸುಲಿದು ಚೊಗರಾದ ಕೈಗೆ ಸಣ್ಣ ಗುಂಡಿ ಸಿಗುವುದಿಲ್ಲ. ಗುಂಡಿಯ ಅಗಲ, ಎತ್ತರ ಎರಡೂ ಕನಿಷ್ಠ 48 ಡಿಪಿ (ಪರದೆಯ ಮೇಲಿನ ಅಳತೆಯ ಮಾನ) ಇರಲಿ ಅನ್ನುತ್ತದೆ ಆಂಡ್ರಾಯ್ಡ್.

ಬಣ್ಣ ಒಂದನ್ನೇ ನಂಬಬೇಡ. ಕೆಂಪು, ಹಸಿರು ಒಂದೇ ಥರ ಕಾಣುವವರಿದ್ದಾರೆ, ಗಂಡಸರಲ್ಲಿ ಜಾಸ್ತಿ. ಬಾಣದ ಗುರುತು ಹಾಕಿ, ಪಕ್ಕದಲ್ಲಿ "ಏರಿದೆ", "ಇಳಿದಿದೆ" ಅಂತ ಬರೆ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಲಿ, ತಿಳಿ ಬೂದು ಅಕ್ಷರ ಬಿಸಿಲಲ್ಲಿ ಮಾಯ. ಪರದೆಯಲ್ಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ ದರ ಹುಡುಕಿ ನೋಡು. ಗುಂಡಿಗೆ ಕನ್ನಡದ ಹೆಸರು ಕೊಡದಿದ್ದರೆ ಕಣ್ಣು ಕಾಣದವರಿಗೆ ಅದು ಏನಂತಲೇ ಗೊತ್ತಾಗುವುದಿಲ್ಲ.

ಗಡಿಯಾರ ಬೇಡವೇ ಬೇಡ. ವರ್ಷದ ಬೆಳೆಯನ್ನು ಹೆದರಿಸಿ ಮಾರಿಸುವುದು ಮೋಸ. ಇಲ್ಲದ ಅವಸರ ತೋರಿಸುವುದು ಗ್ರಾಹಕರ ರಕ್ಷಣೆಗಾಗಿ 2023ರಲ್ಲಿ ಕೇಂದ್ರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಬಳಸುವವರನ್ನು ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿ ಪಟ್ಟಿ ಮಾಡಿದ 13 ತಂತ್ರಗಳಲ್ಲಿ ಒಂದು. ಇನ್ನು ಫೋನಿನ ನಂಬರುಗಳು: ದರ ನೋಡಲು ಅವು ಬೇಕೇ ಇಲ್ಲ, ಅಲ್ವಾ? ಹಾಗಾದರೆ ಕೇಳಬೇಡ.

ಪ್ರಶ್ನೆ: ಆದರೆ ದರ ನಿಜವಾಗಿಯೂ ಬದಲಾಗುತ್ತದಲ್ಲ ಅಕ್ಕಾ?

ಉತ್ತರ: ಹೌದು. ಅದಕ್ಕೇ ಪ್ರತಿ ದರದ ಕೆಳಗೆ ಅದು ಬಂದ ದಿನ, ಹೊತ್ತು ಬರೆ. ಘಟ್ಟದ ಊರುಗಳಲ್ಲಿ ನೆಟ್‌ವರ್ಕ್ ಹೋಗುತ್ತಿರುತ್ತದೆ. ಆಗ ಖಾಲಿ ಪರದೆ ತೋರಿಸಬೇಡ. "ನಿನ್ನೆ ಸಂಜೆಯ ದರ" ಅಂತ ದೊಡ್ಡದಾಗಿ ಬರೆದು ತೋರಿಸು.

ಪ್ರಶ್ನೆ ಕೇಳಿದವರು: ಸರಿ ಅಕ್ಕಾ, ಭಾನುವಾರ ಅಪ್ಪನ ಜೊತೆ ಅಂಗಳದಲ್ಲಿ ಕೂರುತ್ತೇನೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.